ದಕ್ಷಿಣಕ್ಕೆ ಬಾಯಿ ಬಿಟ್ಟ ಛತ್ರಿ

ಜುಲೈ 20, ಸೋಮವಾರ

ಯಾರ ಹತ್ತಿರ ಹೇಳಿಕೊಂಡರೂ "ನಿನ್ನ ಬಾಯಿ ಜೋರು ಸುನಂದಾ" ಅನ್ನುತ್ತಾರೆ. ಅದಕ್ಕೇ ಇದಕ್ಕೆ ಬರೆಯುತ್ತಿದ್ದೇನೆ. ನೋಟ್‌ಬುಕ್ಕು ಎದುರು ಮಾತಾಡುವುದಿಲ್ಲ.

ಕೊರೋನಾ ಅಂತ ಶಾಲೆ ಮುಚ್ಚಿ ನಾಲ್ಕು ತಿಂಗಳಾಯಿತು. ಇವತ್ತಿನಿಂದ ಚಂದನ ಟಿವಿಯಲ್ಲಿ ಹತ್ತನೇ ಕ್ಲಾಸಿನ ಪಾಠ. ಮೊಬೈಲಿನಲ್ಲಿ ಪಾಠ ಕೇಳೋಣವೆಂದರೆ ಮನೆಗಿರುವುದು ಒಂದೇ ದೊಡ್ಡ ಫೋನು. ಅದು ನಮ್ಮ ಯಜಮಾನರ ಜೊತೆ ವೇಮಗಲ್ ಫ್ಯಾಕ್ಟರಿಗೆ ಹೋಗಿದೆ. ಫ್ಯಾಕ್ಟರಿ ತೆರೆದು ಅವರು ವಾಪಸ್ ಹೋಗಿ ಒಂದು ವಾರ. ನನ್ನದು ಗುಂಡಿ ಫೋನು. ಮಗಳು ಮುನಿಲಕ್ಷ್ಮಿಗೆ ಟಿವಿಯೇ ಗತಿ.

ಹುಡುಗಿ ತಲೆಗೆ ಸ್ನಾನ ಮಾಡಿ, ಹೊಸ ಪುಸ್ತಕಕ್ಕೆ ಅರಿಶಿನ ಕುಂಕುಮ ಇಟ್ಟು, ಒಂಬತ್ತೂವರೆಗೆ ಟಿವಿ ಮುಂದೆ ಕೂತಳು. ಹಾಕಿದರೆ ಬೋಳು ನೀಲಿ ಪರದೆ. ನಡುವೆ "ಸಿಗ್ನಲ್ ಇಲ್ಲ" ಅಂತ ಒಂದು ಸಾಲು. ರೇಷ್ಮೆ ಹುಳು ಮನೆ ಗಡಿಬಿಡಿಯಲ್ಲಿ ನಾವ್ಯಾರೂ ವಾರದಿಂದ ಟಿವಿ ಹಾಕಿರಲಿಲ್ಲ. ಬಾಕ್ಸ್ ತಟ್ಟಿದೆ, ವೈರು ಕಿತ್ತು ಹಾಕಿದೆ. ಮಹಡಿ ಹತ್ತಿ ಡಿಶ್ ಛತ್ರಿಯನ್ನು ಅತ್ತ ಇತ್ತ ಅಲ್ಲಾಡಿಸಿದೆ. ಮೊದಲನೇ ದಿನದ ಪಾಠ ಹೋಯಿತು. ಗಣಿತವಂತೆ. ಬೇಕಂತಲೇ ಗಣಿತ.

ನಾನು ಹತ್ತರಲ್ಲಿ ಗಣಿತವೊಂದರಲ್ಲಿ ಫೇಲಾದೆ. ಇನ್ನೊಂದು ಸಲ ಪರೀಕ್ಷೆ ಕಟ್ಟುತ್ತೇನೆ ಅಂದಿದ್ದಕ್ಕೆ ನಮ್ಮಪ್ಪ ಮುಂದಿನ ವೈಶಾಖಕ್ಕೆ ಮದುವೆ ಮಾಡಿ ಕಳಿಸಿದರು. ಆ ಕಥೆ ಇನ್ನೊಂದು ಸಲ ಈ ಮನೆಯಲ್ಲಿ ನಡೆಯಬಾರದು. ಅಷ್ಟೇ.

ಜುಲೈ 22, ಬುಧವಾರ

ಶ್ರೀನಿವಾಸಪುರದಿಂದ ಡಿಶ್ ಚಂದ್ರು ಬಂದ. ಎರಡು ದಿನ ಫೋನ್ ಮಾಡಿ ಮಾಡಿ ನನ್ನ ಗಂಟಲು ಹರಿದ ಮೇಲೆ ಬಂದ. ಛತ್ರಿ ಪೂರ್ವಕ್ಕೆ ತಿರುಗಿ ಹೋಗಿದೆಯಂತೆ.

"ಆಗ್ನೇಯ ಮೂಲೆ ಕಡೆ ಇರ್ಬೇಕು ಅಕ್ಕಾ, ಹೆಚ್ಚುಕಮ್ಮಿ ದಕ್ಷಿಣಕ್ಕೆ. ಆಷಾಢದ ಗಾಳಿಗೆ ತಿರುಗಿರ್ಬೇಕು."

ಅವನು ಮೇಲೆ, ಮುನಿಲಕ್ಷ್ಮಿ ಟಿವಿ ಮುಂದೆ, ನಾನು ಅಂಗಳದಲ್ಲಿ. ಅವಳು ಒಳಗಿಂದ ಸಿಗ್ನಲ್ ನಂಬರ್ ಕೂಗುತ್ತಾಳೆ, ನಾನು ಮೇಲಕ್ಕೆ ಕೂಗುತ್ತೇನೆ. ನಲವತ್ತು, ಐವತ್ತೈದು, ಇಲ್ಲ ಹೋಯ್ತು, ಅರವತ್ತು, ಎಪ್ಪತ್ತೊಂದು. ಅಲ್ಲೇ ನಟ್ಟು ಬಿಗಿದ. ಮಾವ ಕೋದಂಡರಾಮಪ್ಪನವರು ಪಡಸಾಲೆಯ ಮಂಚದ ಮೇಲೆ ಕೂತು ನೋಡುತ್ತಿದ್ದರು. ಅತ್ತೆ ಹೋದ ಮೇಲೆ ಅವರಿಗೆ ಮಾತೇ ಕಮ್ಮಿ.

ಜುಲೈ 24, ಶುಕ್ರವಾರ

ಮತ್ತೆ ಹೋಯಿತು. ನಿನ್ನೆ ಒಂದು ದಿನ ಪಾಠ ಬಂದದ್ದೇ ಪುಣ್ಯ.

ಹಳೇ ಟಿವಿಯಾಗಿದ್ದರೆ ಮಂಜುಮಂಜಾಗಿಯಾದರೂ ಏನೋ ಕಾಣುತ್ತಿತ್ತು, ಮಾತು ಕೇಳುತ್ತಿತ್ತು. ಇದು ಬಂದರೆ ಪೂರ್ತಿ, ಹೋದರೆ ಪೂರ್ತಿ. ಚಂದ್ರುಗೆ ಫೋನ್ ಮಾಡಿದರೆ ಮುಳಬಾಗಿಲಿನಲ್ಲಿದ್ದಾನಂತೆ. ನಾನೇ ಕೈ ಹಾಕಿದೆ. ವೈರಿನ ಜೋಡಣೆ ಹಸಿರು ಕಿಲುಬು ಹಿಡಿದಿತ್ತು. ಚಾಕುವಿನಲ್ಲಿ ಕೆರೆದು ಟೇಪು ಸುತ್ತಿದೆ. ಛತ್ರಿ ಮುಂದಿನ ಕಣ್ಣಿಗೆ ಮಳೆ ನೀರು ಇಳಿಯದಂತೆ ಹಾಲಿನ ಕವರ್ ಕಟ್ಟಿದೆ. ತಿರುಗಿಸಿ ತಿರುಗಿಸಿ ಐವತ್ತೆಂಟಕ್ಕೆ ತಂದು ನಿಲ್ಲಿಸಿದೆ. ಆಗ ಕಣ್ಣಿಗೆ ಬಿತ್ತು, ಗೋಪಿಯ ಮಾವಿನ ಮರದ ಕೊಂಬೆ ನಮ್ಮ ಮಹಡಿ ಮೇಲಕ್ಕೇ ಚಾಚಿಕೊಂಡಿದೆ.

ಗೋಪಿ ನನ್ನ ಮೈದುನ. ಪಾಲಾದ ಮೇಲೆ ಪಕ್ಕದ ಮನೆ ಅವನದು, ಮರವೂ ಅವನದು. ಹೋಗಿ ಕೊಂಬೆ ಕಡಿ ಅಂದೆ.

"ಅತ್ತಿಗೆ, ಬೇರೆ ಏನಾದ್ರೂ ಕೇಳಿ. ಅಮ್ಮ ನೆಟ್ಟಿದ್ದು ಅದು. ಹೋಗಿ ಇನ್ನೂ ವರ್ಷ ಆಗಿಲ್ಲ."

"ನಿಮ್ಮಮ್ಮನ ಮೊಮ್ಮಗಳ ಓದು ದೊಡ್ಡದೋ, ಕೊಂಬೆ ದೊಡ್ಡದೋ?"

ಅವನು ತನ್ನ ಟೆಂಪೋ ತೊಳೆಯಲು ಕೂತ. ಇವರ ಮನೆತನವೇ ಹೀಗೆ. ಬಾಯಲ್ಲಿ ಕಡುಬು ಇಟ್ಟುಕೊಂಡವರ ಹಾಗೆ ಕೂತುಬಿಡುತ್ತಾರೆ.

ಜುಲೈ 31, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಅರಿಶಿನ ಕುಂಕುಮಕ್ಕೆ ನಮ್ಮ ಅತ್ತೆಯ ತಂಗಿ ಮುನಿಯಲ್ಲಮ್ಮ ಬಂದರು. ಅರಿಶಿನ ಕುಂಕುಮದ ಜೊತೆ ಗಂಡಿನ ಸಮಾಚಾರವನ್ನೂ ತಂದಿದ್ದರು.

"ಶಾಲೇನೇ ಇಲ್ವಲ್ಲಮ್ಮಾ, ಇನ್ಯಾಕೆ ಮನೇಲಿ ಇಟ್ಕೊಂಡಿದೀಯ? ಮದನಪಲ್ಲಿ ಹತ್ರ ಒಳ್ಳೆ ಮನೆ. ಟೊಮೇಟೊ ಮಂಡಿ ಇದೆ. ಈಗ ಮಾತಾಡಿಟ್ಕೊಂಡ್ರೆ ವಯಸ್ಸಿಗೆ ಬಂದ್ಮೇಲೆ ಮಾಡಿದ್ರಾಯ್ತು."

"ಪಾಠ ಟಿವೀಲಿ ಬರ್ತಿದೆ ಚಿಕ್ಕಮ್ಮ" ಅಂದೆ. ಅಷ್ಟು ಹೊತ್ತಿಗೆ ಅವರು ತಿರುಗಿ ನೋಡಿದರೆ ಪರದೆ ನೀಲಿ. ನಕ್ಕರು. ಆ ನಗುವಿಗೆ ನನ್ನ ಮೈಯೆಲ್ಲ ಉರಿಯಿತು. ಹಬ್ಬದ ದಿನ ಮನೆಗೆ ಬಂದ ಮುತ್ತೈದೆ, ಏನೂ ಅನ್ನುವ ಹಾಗಿಲ್ಲ. ಒಬ್ಬಟ್ಟು ಕಟ್ಟಿಕೊಟ್ಟು ಕಳಿಸಿದೆ.

ಮಗಳು ಅಡಿಗೆಮನೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ. ಕೇಳಿದರೆ ಏನಿಲ್ಲಮ್ಮ ಅಂದಳು.

ಆಗಸ್ಟ್ 5, ಬುಧವಾರ

ಹುಳುಗಳು ಕೊನೆಯ ಹಂತದಲ್ಲಿವೆ. ಹಿಪ್ಪುನೇರಳೆ ಸೊಪ್ಪು ಎಷ್ಟು ಹಾಕಿದರೂ ಅರ್ಧ ಗಂಟೆಗೆ ಬರೀ ನಾರು. ಸೊಪ್ಪು ತರಲು ಮುನಿಲಕ್ಷ್ಮಿಯೇ ಹೋಗಬೇಕಾಯಿತು. ಪಾಠ ಮಾತ್ರ ಇವತ್ತೇ ಚೆನ್ನಾಗಿ ಬಂತು. ಹಾಳಾಗುವುದು ಬೇಡವೆಂದು ನಾನೇ ಕೂತು ಮೇಡಂ ಬರೆದದ್ದನ್ನೆಲ್ಲ ಇಳಿಸಿಕೊಂಡೆ. ಎರಡು ಸಮೀಕರಣ ಕೊಟ್ಟು ಎಕ್ಸ್ ಎಷ್ಟು, ವೈ ಎಷ್ಟು ಅನ್ನುವುದು. ಮೊದಲನೆಯದು ಅವರು ಮಾಡಿ ತೋರಿಸಿದರು. ಎರಡನೆಯದನ್ನು ಅವರು ಬಿಡಿಸುವ ಮುಂಚೆಯೇ ನನ್ನ ಉತ್ತರ ಬಂದಿತ್ತು. ಸುಲಭದ್ದು ಇರಬೇಕು.

ನಮ್ಮ ಕಾಲದಲ್ಲಿ ಹೀಗೆ ಹೇಳಿಕೊಡುವವರು ಇದ್ದಿದ್ದರೆ. ನಮ್ಮ ಮೇಷ್ಟ್ರು ಬೋರ್ಡಿಗೇ ಪಾಠ ಮಾಡುತ್ತಿದ್ದರು, ನಮಗೆ ಅವರ ಬೆನ್ನು.

ಆಗಸ್ಟ್ 12, ಬುಧವಾರ

ಮೂರು ವಾರದಲ್ಲಿ ಒಂಬತ್ತು ಸಲ ಛತ್ರಿ ತಿರುಗಿದೆ. ಆಷಾಢ ಮುಗಿದು ಶ್ರಾವಣವೂ ಮುಗಿಯುತ್ತ ಬಂತು. ಇದು ಯಾವ ಗಾಳಿ? ಬೆಳಿಗ್ಗೆ ಮಾತ್ರ ಬೀಸುವ ಗಾಳಿ, ಯಾವಾಗಲೂ ಪೂರ್ವಕ್ಕೇ ತಿರುಗಿಸುವ ಗಾಳಿ.

ಇವತ್ತು ಎಪ್ಪತ್ನಾಲ್ಕಕ್ಕೆ ಕೂರಿಸಿ, ಕಂಬದಿಂದ ಹಿಡಿಕೆಗೆ ಅಡ್ಡಲಾಗಿ ಕುಂಕುಮದಲ್ಲಿ ಒಂದು ಗೆರೆ ಎಳೆದಿದ್ದೇನೆ, ಮೇಲೆ ಎಣ್ಣೆ ಸವರಿ. ಗೆರೆಗೆ ಗೆರೆ ಸೇರಿದ್ದರೆ ಸರಿ. ನಟ್ಟನ್ನು ಸ್ಪ್ಯಾನರಿನಲ್ಲಿ ನನ್ನ ಕೈಲಾದಷ್ಟೂ ಬಿಗಿದಿದ್ದೇನೆ. ಇನ್ನು ತಿರುಗಿದರೆ ಅದು ಗಾಳಿಯಲ್ಲ.

ನಮ್ಮ ಮಾವ ಮಾತ್ರ ಟಿವಿ ಇಲ್ಲ ಅಂತ ಒಂದು ದಿನವೂ ಕೇಳಿಲ್ಲ. ಮೊದಲು ಸಂಜೆ ತೆಲುಗು ವಾರ್ತೆ ಐದು ನಿಮಿಷ ತಪ್ಪಿದರೆ ಮನೆ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದವರು. ಅವರಿಗಿರುವ ತಾಳ್ಮೆ ನನಗಿಲ್ಲ.

ಆಗಸ್ಟ್ 14, ಶುಕ್ರವಾರ

ಗೆರೆ ನಾಲ್ಕು ಬೆರಳು ದೂರ.

ನೇರ ಗೋಪಿಯ ಬಾಗಿಲಿಗೆ ಹೋದೆ. ಬೀದಿಯಲ್ಲಿ ಜನ ಇದ್ದರು, ಇರಲಿ ಅಂದುಕೊಂಡೆ. ಕೊಂಬೆ ಕಡಿ ಅಂದಿದ್ದಕ್ಕೆ ಹೀಗೆ ಸೇಡು ತೀರಿಸಿಕೊಳ್ಳುತ್ತೀಯಾ, ಅಣ್ಣನ ಮಗಳ ಓದಿಗೆ ಕಲ್ಲು ಹಾಕುತ್ತೀಯಾ, ಕತ್ತಲಲ್ಲಿ ಮಹಡಿ ಹತ್ತುವ ಕಳ್ಳ ಅಂದೆ. ಇನ್ನೂ ಏನೇನೋ ಅಂದೆ. ಅವನ ಹೆಂಡತಿ ಅಳುತ್ತ ಒಳಗೆ ಹೋದಳು. ಗೋಪಿ ಒಂದೇ ಮಾತು ಹೇಳಿದ.

"ನಾನು ಮುಟ್ಟಿಲ್ಲ ಅತ್ತಿಗೆ. ಅಮ್ಮನಾಣೆ."

ಆಣೆಯಂತೆ ಆಣೆ. ಮಾವ ಜಗಲಿಯಲ್ಲಿ ನಿಂತು ಕೇಳುತ್ತಿದ್ದರು. ಮಗನ ಪರವಾಗಿಯೂ ಬಾಯಿ ತೆರೆಯಲಿಲ್ಲ, ನನ್ನ ಪರವಾಗಿಯೂ ಇಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ತೋಟದ ಕಡೆ ಹೋಗಿಬಿಟ್ಟರು.

ಆಗಸ್ಟ್ 17, ಸೋಮವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಬೆಳಿಗ್ಗೆ ಆರಕ್ಕೆ ಹಾಲು ಕರೆಯುತ್ತಿದ್ದೆ. ಮಹಡಿಯಲ್ಲಿ ಕಬ್ಬಿಣದ ಕಿರುಗುಟ್ಟುವ ಸದ್ದು. ಚೊಂಬು ಅಲ್ಲೇ ಇಟ್ಟು ಹತ್ತಿದೆ. ಮಾವ. ಎಪ್ಪತ್ನಾಲ್ಕು ವರ್ಷದ ಮನುಷ್ಯ, ಮಂಡಿ ನೋವೆಂದು ಕೊಟ್ಟಿಗೆಗೂ ಕೋಲು ಹಿಡಿದು ಹೋಗುವವರು, ಪಂಪ್‌ಸೆಟ್ಟಿನ ಸ್ಪ್ಯಾನರ್ ಹಿಡಿದು ನಟ್ಟು ಸಡಿಲಿಸುತ್ತಿದ್ದಾರೆ. ಛತ್ರಿಯನ್ನು ಪೂರ್ವಕ್ಕೆ ತಿರುಗಿಸಿದರು. ಸೂರ್ಯನಿಗೆ ಕೈ ಮುಗಿದರು. ತಿರುಗಿದರೆ ನಾನು.

"ಏನ್ ಮಾವ ಇದು?"

"ದಕ್ಷಿಣಕ್ಕೆ ಬಾಯಿ ಬಿಟ್ಕೊಂಡು ನಿಂತಿದೆ ಕಣಮ್ಮ. ಯಮನ ದಿಕ್ಕು. ಇದನ್ನ ಹಾಕಿದ ಹದಿನೆಂಟನೇ ದಿನಕ್ಕೆ ಅನಸೂಯ ಹೋದಳು. ದಿನಾ ಸಂಜೆ ಇದರೊಳಗಿಂದಾನೇ ಸತ್ತೋರ ಲೆಕ್ಕ ಬರುತ್ತೆ, ಕೋಲಾರದಲ್ಲಿ ಇಷ್ಟು ಜನ, ಬೆಂಗಳೂರಲ್ಲಿ ಇಷ್ಟು ಜನ. ಗಂಗುಲು ಬೇರೆ ಫ್ಯಾಕ್ಟರಿಗೆ ಹೋದ. ನನ್ನ ಮಗ ಅಲ್ಲಿದಾನೆ, ಮೊಮ್ಮಗಳು ಇಲ್ಲಿದಾಳೆ."

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ಕೇಳ್ತಿದ್ಯಾ?"

ಕೇಳುತ್ತಿರಲಿಲ್ಲ. ಅದು ಬೇರೆ ಮಾತು. ನನ್ನ ಅತ್ತೆ ದಮ್ಮಿನಿಂದ ಹೋದರು. ಲಾಕ್‌ಡೌನಿನ ರಾತ್ರಿ, ನಾವು ಏಳುವ ಹೊತ್ತಿಗೆ ಹೋಗಿಬಿಟ್ಟಿದ್ದರು. ಅದಕ್ಕೂ ತಗಡಿನ ಬುಟ್ಟಿಗೂ ಏನು ಸಂಬಂಧ? ಮುದುಕರ ಮೂಢನಂಬಿಕೆಗೆ ನನ್ನ ಮಗಳ ಹನ್ನೊಂದು ಪಾಠ ಹೋಯಿತು. ನಾನು ಬೀದಿಯಲ್ಲಿ ನಿಂತು ಗೋಪಿಯನ್ನು ಕಳ್ಳ ಅಂದೆ, ಇವರು ಕೇಳಿಸಿಕೊಂಡು ತೋಟಕ್ಕೆ ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಬರೆ ಎಳೆದವಳು ನಾನು, ಅದಕ್ಕೂ ಇವರೇ ಕಾರಣ.

ಆಗಸ್ಟ್ 18, ಮಂಗಳವಾರ

ಕಡ್ಡಿ ಮುರಿದಂತೆ ಹೇಳಿದೆ. ಪಾಠ ಮುಗಿದ ಮೇಲೆ ಪೂರ್ವಕ್ಕಾದರೂ ತಿರುಗಿಸಿ, ಪಾತಾಳಕ್ಕಾದರೂ ತಿರುಗಿಸಿ. ಒಂಬತ್ತೂವರೆಗೆ ನನ್ನ ಗೆರೆಗೆ ಗೆರೆ ಸೇರಿರಬೇಕು. ತಿರುಗಿಸಿದವರೇ ಸೇರಿಸಬೇಕು.

ಮಾವ ತಲೆ ಆಡಿಸಿದರು. ಗೋಪಿಗೆ ಯಾರು ಹೇಳುವುದು ಅಂತ ಇಬ್ಬರೂ ಮಾತೆತ್ತಲಿಲ್ಲ.

ಆಗಸ್ಟ್ 29, ಶನಿವಾರ

ಈ ವಾರ ಒಂದು ಪಾಠವೂ ತಪ್ಪಿಲ್ಲ. ಮಾವನಿಗೆ ಕೈ ಕುದುರಿದೆ. ಚಂದ್ರು ಎಪ್ಪತ್ತೊಂದಕ್ಕೆ ನಿಲ್ಲಿಸಿದ್ದ. ಇವರು ಛತ್ರಿಯನ್ನು ಒಂದು ಬೆರಳು ಮೇಲೆತ್ತಿ, ಅದರ ಕಣ್ಣನ್ನು ಕೊಂಚ ತಿರುಚಿ, ಎಂಬತ್ಮೂರಕ್ಕೆ ತಂದಿದ್ದಾರೆ. ಮೊಮ್ಮಗಳು "ಬಂತು ತಾತಾ" ಅಂದ ಮೇಲೂ "ಇನ್ನೊಂದು ಚೂರು ನೋಡಮ್ಮಾಯಿ" ಅನ್ನುತ್ತಾರೆ. ಈ ಬುದ್ಧಿ ಜುಲೈನಲ್ಲಿ ಎಲ್ಲಿ ಹೋಗಿತ್ತು?

ಇಳಿದು ಬಂದು ಪಾಠವನ್ನೂ ಕೇಳುತ್ತಾರೆ. ನಿನ್ನೆ ತ್ರಿಭುಜದ ಪಾಠ. ನೆರಳಿನಿಂದ ಮರದ ಎತ್ತರ ಕಂಡುಹಿಡಿಯುವುದು. ಮಧ್ಯಾಹ್ನ ಅಜ್ಜ ಮೊಮ್ಮಗಳು ಇಬ್ಬರೂ ಗೋಪಿಯ ಮಾವಿನ ಮರದ ನೆರಳನ್ನು ಹಗ್ಗದಲ್ಲಿ ಅಳೆಯುತ್ತಿದ್ದರು. ಲೆಕ್ಕ ತಪ್ಪಿತ್ತು. ಕೋಲಿನ ನೆರಳಿನಿಂದ ಭಾಗಿಸುವ ಬದಲು ಗುಣಿಸಿದ್ದರು. ನಾನು ರಾಗಿ ಹಸನು ಮಾಡುತ್ತ ಕೂತಲ್ಲಿಂದಲೇ ಹೇಳಿದೆ.

"ನಿನಗೆ ಹೆಂಗಮ್ಮಾ ಗೊತ್ತು?" ಅಂದಳು ಮಗಳು.

ಕೇಳುವ ರೀತಿ ನೋಡು. ತಾಯಿಗೆ ಏನೂ ಬರುವುದಿಲ್ಲ ಅಂತಲೇ ಇವಳ ಲೆಕ್ಕ.

ಸೆಪ್ಟೆಂಬರ್ 17, ಗುರುವಾರ

ಮಹಾಲಯ ಅಮಾವಾಸ್ಯೆ. ಅತ್ತೆಗೆ ಎಡೆ ಇಟ್ಟೆವು. ಮಾವ ದಕ್ಷಿಣಕ್ಕೆ ಮುಖ ಮಾಡಿ ಎಳ್ಳು ನೀರು ಬಿಡುವಾಗ ಮುನಿಲಕ್ಷ್ಮಿ ಮೆಲ್ಲಗೆ ಕೇಳಿದಳು.

"ತಾತಾ, ಅಜ್ಜಿ ಇರೋದು ಆ ಕಡೇನಾ?"

"ಹೂಂ ಕಣಮ್ಮ. ಹಿರಿಯರೆಲ್ಲ ಆ ಕಡೆ."

"ಹಂಗಾದ್ರೆ ಛತ್ರಿ ಅಜ್ಜಿ ಕಡೆ ನೋಡ್ತಿದೆ ಅಲ್ವಾ. ಅದನ್ನ ಯಾಕೆ ದಿನಾ ತಿರುಗಿಸ್ತೀಯ?"

ವಿಜ್ಞಾನ ಪಾಠ ಕೇಳುವ ಹುಡುಗಿ ಆಡುವ ಮಾತೇ ಇದು? ಅದು ಉಪಗ್ರಹದ ಕಡೆ ನೋಡುತ್ತಿದೆ ಅಂತ ಹೇಳಲು ಬಾಯಿ ತೆರೆದೆ. ಮಾವನ ಮುಖ ನೋಡಿ ಸುಮ್ಮನಾದೆ. ಇವತ್ತು ಅವರು ತಿರುಗಿಸಲು ಹೋಗಲಿಲ್ಲ.

ಸೆಪ್ಟೆಂಬರ್ 21, ಸೋಮವಾರ

ಛತ್ರಿ ನಾಲ್ಕು ದಿನದಿಂದ ಇದ್ದ ಕಡೆಯೇ ಇದೆ. ಒಂದು ತಲೆನೋವು ಮುಗಿಯಿತು ಅನ್ನುವಷ್ಟರಲ್ಲಿ ನಮ್ಮ ಯಜಮಾನರ ಫೋನು. ಅವರ ಲೈನಿನಲ್ಲಿ ಇಬ್ಬರಿಗೆ ಕೊರೋನಾ ಬಂದಿದೆಯಂತೆ.

"ಸುನಂದಾ, ರಜ ಹಾಕಿ ಬಂದ್ಬಿಡ್ಲಾ?" ಅಂದರು.

ಹೇಗೆ ಕೇಳುತ್ತಾರೋ. ಮೂರು ತಿಂಗಳು ಮನೆಯಲ್ಲಿ ಕೂತಾಗಿದೆ. ಈಗ ಹೋದ ಕೆಲಸ ಬಿಟ್ಟರೆ ಮತ್ತೆ ಕರೆಯುತ್ತಾರಾ? ಮನೆಯಲ್ಲಿ ವಯಸ್ಸಾದ ಅಪ್ಪ, ಓದುವ ಮಗಳು. ರೋಗ ಹೊತ್ತು ತರುತ್ತೀರಾ, ಅಲ್ಲೇ ಇರಿ, ಮೂಗು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿ ಅಂದೆ. ಸರಿ ಅಂದು ಇಟ್ಟರು. ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಯಾರಾದರೂ ಹೀಗೇ ಹೇಳುತ್ತಿದ್ದರು.

ಸೆಪ್ಟೆಂಬರ್ 26, ಶನಿವಾರ

ಗೂಡು ಮಾರ್ಕೆಟ್ಟಿಗೆ ಹೋಯಿತು. ಹುಳು ಮನೆ ತೊಳೆದು ಬ್ಲೀಚಿಂಗ್ ಹೊಡೆದೆ.

ನಮ್ಮ ಯಜಮಾನರಿಗೆ ಮೂರು ದಿನದಿಂದ ಜ್ವರವಂತೆ. ಗಂಟಲು ಪರೀಕ್ಷೆಗೆ ಕೊಟ್ಟಿದ್ದಾರಂತೆ. ಮೂರು ದಿನದಿಂದ. ಇವತ್ತು ಹೇಳುತ್ತಿದ್ದಾರೆ, ಅದೂ ಜೊತೆಯವರ ಕೈಲಿ ಹೇಳಿಸಿದ್ದಾರೆ. ನಾನೇನು ಪರಕೀಯಳೇ?

ಸೆಪ್ಟೆಂಬರ್ 28, ಸೋಮವಾರ

ಕೊರೋನಾ ಅಂತಲೇ ಬಂತು. ಜ್ವರ ಇಳಿದಿಲ್ಲ. ರೂಮಿನಲ್ಲಿ ಒಬ್ಬರೇ ಇದ್ದಾರೆ. ಜೊತೆಯವರು ಬಾಗಿಲಲ್ಲಿ ಊಟ ಇಟ್ಟು ಓಡುತ್ತಾರಂತೆ. ಫೋನಿನಲ್ಲಿ ಉಸಿರು ಎಳೆಯುವುದು ನನಗೆ ಕೇಳಿಸಿತು.

ಒಂಬತ್ತೂವರೆಗೆ ಪಾಠ ಶುರುವಾಯಿತು. ಕೆಳಗೆ ಮೇಡಂ ಮಾತು ಕೇಳುತ್ತಿತ್ತು. ನಾನು ಮಹಡಿಗೆ ಯಾವಾಗ ಹತ್ತಿದೆನೋ ಗೊತ್ತಿಲ್ಲ. ಕೈಯಲ್ಲಿ ಸ್ಪ್ಯಾನರ್ ಇತ್ತು. ಛತ್ರಿಯ ಬಾಯಿ ದಕ್ಷಿಣಕ್ಕೆ ನೆಟ್ಟಿತ್ತು, ಹನ್ನೊಂದು ದಿನದಿಂದ ಹಾಗೇ ಇತ್ತು. ಹನ್ನೊಂದು ದಿನದಿಂದ ಯಾರೂ ತಿರುಗಿಸಿರಲಿಲ್ಲ. ನಟ್ಟಿಗೆ ಸ್ಪ್ಯಾನರ್ ಹಾಕಿದೆ.

"ಬಿಡು ಸುನಂದಾ."

ಮಾವ ಹಿಂದೆಯೇ ಹತ್ತಿ ಬಂದಿದ್ದರು, ಏದುಸಿರು ಬಿಡುತ್ತಾ.

"ಮಗು ಪಾಠ ಕೇಳ್ತಿದೆ. ಬಿಡು."

"ನೀವೇ ಹೇಳಿದ್ರಲ್ಲ ಮಾವ, ಯಮನ ದಿಕ್ಕು ಅಂತ. ನೀವೇ ತಾನೆ ದಿನಾ ತಿರುಗಿಸ್ತಿದ್ದಿದ್ದು? ಈಗ ನಿಮ್ಮ ಮಗನಿಗೇ ಬಂದಿದೆ."

ಅವರು ಪ್ಯಾರಾಪೆಟ್ ಹಿಡಿದು ಕೂತರು.

"ಅನಸೂಯನ ಕೊಂದಿದ್ದು ಇದಲ್ಲ ಕಣಮ್ಮ. ಆವತ್ತು ರಾತ್ರಿ ದಮ್ಮು ಜಾಸ್ತಿ ಆಯ್ತು. ಗೋಪೀನ ಎಬ್ಬಿಸು, ಟೆಂಪೋ ತೆಗೀಲಿ ಅಂದಳು. ರೋಡಲ್ಲಿ ಪೊಲೀಸ್ನೋರು ಹೊಡೀತಾರೆ, ಬೆಳಗಾಗ್ಲಿ ಸುಮ್ನಿರು ಅಂದೆ. ಎರಡು ಸಲ ಕೇಳಿದಳು. ಎರಡು ಸಲಾನೂ ಸುಮ್ನಿರು ಅಂದೆ. ಯಾರಿಗೂ ಹೇಳಿಲ್ಲ ಇದನ್ನ. ಈ ಛತ್ರಿ ಮೇಲೆ ಹಾಕ್ಕೊಂಡು ಕೂತಿದ್ದೆ."

ಕೆಳಗಿಂದ ಮೇಡಂ "ಮಕ್ಕಳೇ, ಮುಂದಿನ ಹಂತ ಬರೆದುಕೊಳ್ಳಿ" ಅನ್ನುತ್ತಿದ್ದರು. ಮಾವ ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡರು.

"ಗಂಗುಲು ಏನಾದ್ರೂ ಕೇಳಿದ್ನಾ ನಿನ್ನ?" ಅಂದರು.

"ಬರ್ಲಾ ಅಂತ ಕೇಳಿದ್ರು ಮಾವ. ಬೇಡ ಅಂದೆ."

"ಹಂಗಾದ್ರೆ ಇಲ್ಲೇನ್ ಮಾಡ್ತಿದೀಯ? ಹೋಗಿ ಕರೆಸ್ಕೋ."

ಎರಡು ತಿಂಗಳು ನನ್ನ ಜೀವ ತಿಂದ ಮನುಷ್ಯ, ನನಗೆ ಬುದ್ಧಿ ಹೇಳಿದರು. ಮೆಟ್ಟಿಲಿಳಿದು ಗೋಪಿಯ ಮನೆಗೆ ಓಡಿದೆ. ಚಪ್ಪಲಿಯೂ ಹಾಕಿಕೊಂಡಿರಲಿಲ್ಲ.

ಸೆಪ್ಟೆಂಬರ್ 29, ಮಂಗಳವಾರ

ಗೋಪಿ ಡಾಕ್ಟರನ್ನು ಕೇಳಿದ್ದಕ್ಕೆ, ಉಸಿರಿನ ಅಳತೆ ಸದ್ಯಕ್ಕೆ ಪರವಾಗಿಲ್ಲ, ಬೇರೆ ಇರಿಸುವ ಜಾಗವಿದ್ದರೆ ಮನೆಗೆ ಕರೆದೊಯ್ಯಿರಿ, ಇಳಿದರೆ ತಕ್ಷಣ ಆಸ್ಪತ್ರೆಗೆ ಅಂದರಂತೆ. ಗೋಪಿ ಟೆಂಪೋದ ಹಿಂದೆ ಹಾಸಿಗೆ ಹಾಕಿ ಅಣ್ಣನನ್ನು ಕರೆತಂದ. ಹುಳು ಮನೆಯಲ್ಲಿ ಮಲಗಿಸಿದ್ದೇವೆ. ಗಾಳಿ ಬೆಳಕು ಇದೆ, ಸುತ್ತ ಜಾಲರಿ ಇದೆ.

ನಿನ್ನೆ ಅವನ ಬಾಗಿಲಲ್ಲಿ ನಿಂತಾಗ ನಾನು ಕೇಳುವ ಮುಂಚೆಯೇ ಅವನು ಕೀಲಿ ತೆಗೆದುಕೊಂಡಿದ್ದ. ಆಮೇಲೆ ಹೇಳಿದೆ, "ಛತ್ರಿ ತಿರುಗಿಸಿದ್ದು ನೀನಲ್ಲ ಗೋಪಿ, ನನಗೆ ಆಗಸ್ಟ್‌ನಲ್ಲೇ ಗೊತ್ತಾಯ್ತು."

"ನನಗೂ ಗೊತ್ತಿತ್ತು ಅತ್ತಿಗೆ. ಬೆಳಿಗ್ಗೆ ನಮ್ಮ ಮನೆಯಿಂದ ಅಪ್ಪ ಕಾಣ್ತಾರೆ."

ಗೊತ್ತಿದ್ದೂ ಬೀದಿಯಲ್ಲಿ ಬೈಸಿಕೊಂಡ. ಇಂಥವರ ಜೊತೆ ಹೇಗೆ ಬಾಳುವುದು?

ಅಕ್ಟೋಬರ್ 5, ಸೋಮವಾರ

ಜ್ವರ ಬಿಟ್ಟು ಮೂರು ದಿನವಾಯಿತು. ಬೆರಳಿಗೆ ಹಾಕುವ ಮಿಷನ್ನಿನಲ್ಲಿ ಉಸಿರಿನ ಅಳತೆ ತೊಂಬತ್ತೇಳು. ಮುನಿಲಕ್ಷ್ಮಿ ದಿನಕ್ಕೆ ನಾಲ್ಕು ಸಲ ಜಾಲರಿಯಾಚೆಯಿಂದ ನಂಬರ್ ಕೇಳಿ ಗೋಡೆಗೆ ಬರೆಯುತ್ತಾಳೆ. ಪಾಠ ಒಂದೂ ತಪ್ಪಿಸಿಲ್ಲ. ಶಾಲೆ ಮೇಷ್ಟ್ರು ಮನೆಗೆ ಕೊಟ್ಟ ಪ್ರಶ್ನೆ ಹಾಳೆಯಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತೊಂದು ಬಂದಿದೆ. ಅವಳು ಎಸೆದಿದ್ದ, ಉತ್ತರ ಬರೆಯದ ಪ್ರಶ್ನೆ ಹಾಳೆಯೊಂದನ್ನು ನಾನೂ ಮಾಡಿ ನೋಡಿದೆ. ಇಪ್ಪತ್ಮೂರು. ಯಾರಿಗೂ ತೋರಿಸಿಲ್ಲ.

ಸಂಜೆ ಯಜಮಾನರಿಗೆ ಗಂಜಿ ಕೊಟ್ಟು ಜಾಲರಿಯ ಈಚೆ ಕೂತೆ. ಒಂದು ವಾರದಿಂದ ಹೇಳಬೇಕೆಂದಿದ್ದನ್ನು ಹೇಳಿಬಿಟ್ಟೆ.

"ಬರ್ಲಾ ಅಂತ ಕೇಳಿದ್ರಿ. ಬೇಡ ಅಂದೆ. ತಪ್ಪು ಮಾಡಿದೆ."

ಅವರು ಗಂಜಿ ಕುಡಿದು ಲೋಟ ಕೆಳಗಿಟ್ಟರು. "ಬಿಡೇ, ಅದನ್ನೇನ್ ತಲೇಲಿಟ್ಕೊಂಡಿದೀಯ" ಅಂದರು. ಆಮೇಲೆ ಉಪ್ಪಿನಕಾಯಿ ಇದೆಯಾ ಅಂತ ಕೇಳಿದರು.

ಹದಿನೇಳು ವರ್ಷ ಇವರನ್ನು ನಾನು ಬೈದಿದ್ದೇನೆ. ಒಂದೇ ಒಂದು ಸಲ, ಇವತ್ತೊಂದು ದಿನ, ತಿರುಗಿ ನನ್ನನ್ನು ಬೈಯಬಾರದಿತ್ತೇ? ಬೈದಿದ್ದರೆ ನಾನೂ ನಾಲ್ಕು ಅಂದು ಎದ್ದು ಬರುತ್ತಿದ್ದೆ. ಬಿಡು ಅಂದುಬಿಟ್ಟರೆ ನಾನು ಇದನ್ನು ಎಲ್ಲಿಗೆ ಹೊತ್ತುಕೊಂಡು ಹೋಗಲಿ?